ಮಿರರ್‌ಲೆಸ್ ಕ್ಯಾಮೆರಾ ಸೆಟ್ಟಿಂಗ್ ಮತ್ತು ಹೈ ಐಎಸ್‌ಒ ನಾಯ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಮೆನುವಿನ ಬಗ್ಗೆ, ಇನ್ನರ್ಧ ಕಡಿಮೆ ಬೆಳಕಿನಲ್ಲಿ ತೆಗೆದ ಫೋಟೊ ಕಾಳು ಕಾಳಾಗಿ ಬರುವುದರ, ಅಂದರೆ ನಾಯ್ಸ್‌ನ ಬಗ್ಗೆ. ನಾನು ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ, ಏಕೆಂದರೆ ಮೆನುವಿನಲ್ಲಿ ನಾಲ್ಕೈದು ವಿಷಯ ಸರಿಯಾಗಿ ಕೂತರೆ ನಾಯ್ಸ್‌ನ ತಲೆನೋವು ಬಹುಪಾಲು ಇಳಿಯುತ್ತದೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಹೆಸರುಗಳು ಆಚೀಚೆ ಆಗುತ್ತವೆ, ಕೆಲಸ ಒಂದೇ. ಐಎಸ್‌ಒ ಎಂದರೆ ಸೆನ್ಸರ್‌ನಿಂದ (ಬೆಳಕು ಹಿಡಿಯುವ ಚಿಪ್) ಬಂದ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ಅಂಕಿ.

ಹೊಸ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬಂದಿದೆ. ಮೊದಲು ಏನು ಮಾಡಲಿ?

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ದಿನಾಂಕ ಮತ್ತು ಸಮಯ ಸರಿಪಡಿಸಿ, ಮೆಮೊರಿ ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಫರ್ಮ್‌ವೇರ್ ಹೊಸದಿದ್ದರೆ ಹಾಕಿಕೊಳ್ಳಿ. ಮಿರರ್‌ಲೆಸ್‌ನಲ್ಲಿ ಆಟೋಫೋಕಸ್‌ನ ಜಾಣ್ಮೆ ಹೆಚ್ಚಿನಂಶ ಸಾಫ್ಟ್‌ವೇರ್‌ನಲ್ಲೇ ಇರುವುದರಿಂದ ಒಂದು ಅಪ್‌ಡೇಟ್‌ನಿಂದ ಕಣ್ಣು ಹಿಡಿಯುವ ಫೋಕಸ್ ಎದ್ದು ಕಾಣುವಷ್ಟು ಸುಧಾರಿಸಿದ ಉದಾಹರಣೆಗಳಿವೆ.

ಆಮೇಲೆ ಬಹಳ ಜನ ಮರೆಯುವ ಕೆಲಸವೊಂದಿದೆ: ವ್ಯೂಫೈಂಡರನ್ನು ನಿಮ್ಮ ಕಣ್ಣಿಗೆ ಹೊಂದಿಸುವ, ಅದರ ಪಕ್ಕದ ಡಯಾಪ್ಟರ್ ಚಕ್ರ. ವ್ಯೂಫೈಂಡರ್‌ಗೆ ಕಣ್ಣಿಟ್ಟು ಎದುರಿನ ದೃಶ್ಯವನ್ನು ನೋಡಬೇಡಿ. ಕೆಳಗೆ ಸಾಲಾಗಿ ಕಾಣುವ ಶಟರ್ ಸ್ಪೀಡ್, ಐಎಸ್‌ಒ ಅಂಕಿಗಳನ್ನು ನೋಡುತ್ತಾ ಚಕ್ರ ತಿರುಗಿಸಿ. ಅಂಕಿಗಳ ಅಂಚು ಚೂಪಾಗಿ ಕಂಡಲ್ಲಿ ನಿಲ್ಲಿಸಿ. ಲೆನ್ಸ್ ಸರಿಯಿಲ್ಲ, ಎಲ್ಲ ಮಸುಕು ಎಂದು ಬರುವ ದೂರುಗಳಲ್ಲಿ ಕೆಲವು ಇಲ್ಲೇ ಮುಗಿದುಹೋಗುತ್ತವೆ. ಕನ್ನಡಕ ಹಾಕಿಕೊಂಡು ಫೋಟೊ ತೆಗೆಯುವವರು ಕನ್ನಡಕ ಹಾಕಿಕೊಂಡೇ ಇದನ್ನು ಹೊಂದಿಸಬೇಕು.

ಕಾರ್ಡಿನ ಮೇಲೆ ವಿ30 ಎಂದಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ವೇಗದಲ್ಲಿ ಸತತವಾಗಿ ಬರೆಯುತ್ತದೆ ಎಂದರ್ಥ. ಒಂದೊಂದೇ ಫೋಟೊ ತೆಗೆಯಲು ಧಾರಾಳ ಸಾಕು. ಒಂದೇ ಸಮನೆ ಹತ್ತಾರು ರಾ ಫೈಲ್ ಹೊಡೆಯುವವರು ವಿ60 ಅಥವಾ ವಿ90 ನೋಡಬಹುದು. ಆದರೆ ಕ್ಯಾಮೆರಾದ ಸ್ಲಾಟ್ ಆ ವೇಗವನ್ನು ತೆಗೆದುಕೊಳ್ಳುತ್ತದೆಯೇ ಎಂದು ಮೊದಲು ಮ್ಯಾನ್ಯುಯಲ್ ನೋಡಿ.

ರಾ ಫೈಲೋ, ಜೆಪೆಗ್ಗೋ?

ಕಡಿಮೆ ಬೆಳಕಿನ ಕೆಲಸವಿದ್ದರೆ ರಾ, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲ್. ಇದರಲ್ಲಿ ಎರಡು ಮಾತಿಲ್ಲ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ 256 ಹಂತ. 14 ಬಿಟ್ ರಾ ಫೈಲ್‌ನಲ್ಲಿ 16,384 ಹಂತ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಜೆಪೆಗ್ ಮಾಡುವಾಗ ಕ್ಯಾಮೆರಾ ತನ್ನದೇ ನಾಯ್ಸ್ ರಿಡಕ್ಷನ್ ಹಾಕಿ, ಕೂದಲೆಳೆ, ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮ ವಿವರಗಳನ್ನೂ ಒರೆಸಿಹಾಕಿರುತ್ತದೆ. ಒರೆಸಿದ್ದು ಮತ್ತೆ ಬರುವುದಿಲ್ಲ. ರಾ ಫೈಲ್ ಇದ್ದರೆ ಇವತ್ತು ತೆಗೆದ ಫೋಟೊವನ್ನು ಐದು ವರ್ಷದ ನಂತರ ಬರುವ ಉತ್ತಮ ಸಾಫ್ಟ್‌ವೇರ್‌ನಲ್ಲಿ ಮತ್ತೆ ತೆರೆಯಬಹುದು.

ಎಡಿಟಿಂಗ್ ಇನ್ನೂ ರೂಢಿಯಿಲ್ಲದವರು ರಾ ಜೊತೆಗೆ ಜೆಪೆಗ್ ಎನ್ನುವ ಆಯ್ಕೆ ಇಟ್ಟುಕೊಳ್ಳಿ. ಕಂಪ್ರೆಷನ್ ಆಯ್ಕೆ ಕೇಳಿದರೆ ಲಾಸ್‌ಲೆಸ್ ಎಂಬುದನ್ನು ಆರಿಸಿ.

ಯಾವ ಮೋಡ್‌ನಲ್ಲಿ ಇಟ್ಟುಕೊಳ್ಳಲಿ?

ಹಗಲಲ್ಲಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ) ನೀವು ಆರಿಸಿ ಶಟರ್ ಸ್ಪೀಡನ್ನು ಕ್ಯಾಮೆರಾಗೆ ಬಿಡುವ ಅಪರ್ಚರ್ ಪ್ರಯಾರಿಟಿ ಆರಾಮ. ಸಂಜೆಯಾದ ಮೇಲೆ, ಒಳಾಂಗಣದಲ್ಲಿ ನಾನು ಶಿಫಾರಸು ಮಾಡುವುದು ಮ್ಯಾನ್ಯುಯಲ್ ಮೋಡ್ ಮತ್ತು ಆಟೋ ಐಎಸ್‌ಒ ಜೋಡಿ. ಚಲನೆಯನ್ನು ನಿಲ್ಲಿಸಲು ಎಷ್ಟು ಶಟರ್ ಸ್ಪೀಡ್ ಬೇಕು, ಎಷ್ಟು ಅಪರ್ಚರ್ ಬೇಕು ಎಂದು ನೀವು ನಿರ್ಧರಿಸುತ್ತೀರಿ. ಉಳಿದ ಲೆಕ್ಕವನ್ನು ಕ್ಯಾಮೆರಾ ಐಎಸ್‌ಒದಲ್ಲಿ ಸರಿದೂಗಿಸುತ್ತದೆ. ಫೋಟೊ ಕೆಡುವುದಕ್ಕೂ ಉಳಿಯುವುದಕ್ಕೂ ಕಾರಣವಾಗುವ ಎರಡು ನಿರ್ಧಾರಗಳು ನಿಮ್ಮ ಕೈಯಲ್ಲಿರುತ್ತವೆ.

ಒಂದು ಎಚ್ಚರಿಕೆ: ಈ ಜೋಡಿಯಲ್ಲಿ ಹೆಸರಿಗೆ ಮ್ಯಾನ್ಯುಯಲ್ ಆದರೂ ಬೆಳಕನ್ನು ಅಳೆಯುವುದು ಕ್ಯಾಮೆರಾವೇ. ಹಿಂದೆ ಕಿಟಕಿಯಿದ್ದರೆ ಮುಖ ಕಪ್ಪಾಗುತ್ತದೆ. ಫೋಟೊವನ್ನು ಬೆಳ್ಳಗೋ ಕಪ್ಪಗೋ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಚಕ್ರವನ್ನು ಬೆರಳಿಗೆ ಸಿಗುವಂತೆ ಇಟ್ಟುಕೊಂಡಿರಿ.

ಕನಿಷ್ಠ ಶಟರ್ ಸ್ಪೀಡ್ ಎಷ್ಟಿರಬೇಕು? ಕ್ಯಾಮೆರಾದಲ್ಲಿ ಸ್ಟೆಬಿಲೈಸೇಷನ್ ಇದೆಯಲ್ಲ?

ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ. ಕಟ್ಟಡವನ್ನೋ ಮೇಜಿನ ಮೇಲಿನ ವಸ್ತುವನ್ನೋ 1/10 ಸೆಕೆಂಡಿನಲ್ಲಿ ಕೈಯಲ್ಲೇ ಹಿಡಿದು ತೆಗೆಯಬಹುದು. ಸುಮ್ಮನೆ ಕೂತ ಮನುಷ್ಯರಿಗೆ 1/125, ಕೈ ಆಡಿಸುತ್ತಾ ಮಾತಾಡುವವರಿಗೆ 1/250, ಓಡಾಡುವ ಮಕ್ಕಳಿಗೆ 1/500, ಆಟೋಟಕ್ಕೆ 1/1000, ಹಾರುವ ಹಕ್ಕಿಗೆ 1/2000 ಎಂದು ಶುರುಮಾಡಿ. ಸ್ಟೆಬಿಲೈಸೇಷನ್ ಇಲ್ಲದಿದ್ದರೆ ಹಳೆಯ ನಿಯಮ ಈಗಲೂ ಕೆಲಸಕ್ಕೆ ಬರುತ್ತದೆ: 100 ಎಂಎಂ ಲೆನ್ಸಿಗೆ ಕನಿಷ್ಠ 1/100. ಸೆನ್ಸರ್ ಫುಲ್ ಫ್ರೇಮ್‌ಗಿಂತ (36×24 ಮಿ.ಮೀ.) ಚಿಕ್ಕದಾದರೆ ಚೌಕಟ್ಟು ಕಿರಿದಾಗುವುದನ್ನೂ (ಕ್ರಾಪ್) ಲೆಕ್ಕಕ್ಕೆ ತೆಗೆದುಕೊಳ್ಳಿ, ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್‌ನಲ್ಲಿ ಅದೇ ಲೆನ್ಸಿಗೆ 1/160.

ಆಟೋ ಐಎಸ್‌ಒಗೆ ಗರಿಷ್ಠ ಮಿತಿ ಎಷ್ಟು ಇಡಲಿ? 1600 ದಾಟಬಾರದು ಎನ್ನುತ್ತಾರೆ.

ಆ ಮಾತು ಹಳೆಯ ಸೆನ್ಸರ್‌ಗಳ ಕಾಲದ್ದು. ಈಚಿನ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ 12800, ಎಪಿಎಸ್-ಸಿಯಲ್ಲಿ 6400, ಅದಕ್ಕಿಂತಲೂ ಚಿಕ್ಕ ಸೆನ್ಸರ್‌ನ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 3200ರಿಂದ 6400 ಇಟ್ಟು ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಮಿತಿಯನ್ನು ಕಡಿಮೆ ಇಡುವುದೇ ಅಪಾಯ.

ಯಾಕೆ ಅಂದರೆ, ಮಿತಿ ಮುಟ್ಟಿದ ಮೇಲೂ ಬೆಳಕು ಸಾಲದಿದ್ದರೆ ಕ್ಯಾಮೆರಾ ಏನು ಮಾಡಬೇಕು? ಅಪರ್ಚರ್ ಪ್ರಯಾರಿಟಿಯಲ್ಲಿದ್ದರೆ ಸದ್ದಿಲ್ಲದೆ ಶಟರ್ ಸ್ಪೀಡನ್ನು 1/125ರಿಂದ 1/30ಕ್ಕೆ ಇಳಿಸುತ್ತದೆ, ನಗುತ್ತಿದ್ದ ಮುಖ ಅಲುಗಾಡಿ ಮಸುಕಾಗುತ್ತದೆ. ಮ್ಯಾನ್ಯುಯಲ್‌ನಲ್ಲಿದ್ದರೆ ಫೋಟೊ ಕಪ್ಪಾಗಿ ಬರುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದಾಗ ಅದೇ ನಾಯ್ಸ್ ಮೇಲೆ ಬರುತ್ತದೆ. ಕಾಳು ಕಾಳಾದ ಫೋಟೊವನ್ನು ಸಾಫ್ಟ್‌ವೇರ್ ಬಹುಮಟ್ಟಿಗೆ ಉಳಿಸಿಕೊಡುತ್ತದೆ. ಅಲುಗಾಡಿದ ಮುಖವನ್ನು ಉಳಿಸಿಕೊಡುವ ಸಾಫ್ಟ್‌ವೇರ್ ಇಲ್ಲ, ಇದ್ದರೂ ಅದು ಬೇರೊಂದು ಮುಖವನ್ನು ಬರೆದುಕೊಡುತ್ತದೆ.

ನಿಮ್ಮ ಕ್ಯಾಮೆರಾದ ಮಿತಿಯನ್ನು ನೀವೇ ಕಂಡುಕೊಳ್ಳಿ. ಸಂಜೆ ಹೊತ್ತು ಕೋಣೆಯ ಮಾಮೂಲಿ ದೀಪದಡಿ ಒಂದು ಕಪ್ಪು ಬಟ್ಟೆ, ಅಕ್ಷರಗಳಿರುವ ಒಂದು ಪುಸ್ತಕ, ಸಾಧ್ಯವಾದರೆ ಒಬ್ಬರ ಮುಖ ಇವಿಷ್ಟನ್ನು ಒಂದೇ ಚೌಕಟ್ಟಿಗೆ ತನ್ನಿ. ಐಎಸ್‌ಒ 800ರಿಂದ 25600ರವರೆಗೆ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ ಶಟರ್ ಸ್ಪೀಡನ್ನು ಅದಕ್ಕೆ ತಕ್ಕಂತೆ ಏರಿಸಿ. ನಂತರ ಎಲ್ಲವನ್ನೂ ನೀವು ಸಾಮಾನ್ಯವಾಗಿ ನೋಡುವ ಅಳತೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದ ಸಣ್ಣ ಅಕ್ಷರ ಎಲ್ಲಿ ಕರಗುತ್ತದೋ, ಚರ್ಮದ ಬಣ್ಣ ಎಲ್ಲಿ ಕಲೆ ಕಲೆಯಾಗುತ್ತದೋ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ನಿಮ್ಮ ಮಿತಿ.

ನಾಯ್ಸ್ ಬರುವುದು ಐಎಸ್‌ಒ ಹೆಚ್ಚಿಸಿದ್ದರಿಂದಲೇ ಅಲ್ಲವೇ?

ಅಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ನಾಯ್ಸ್ ಬರುವುದು ಬೆಳಕು ಕಡಿಮೆಯಾದದ್ದರಿಂದ.

ಬೆಳಕು ಸೆನ್ಸರ್ ಮೇಲೆ ಬೀಳುವುದು ಫೋಟಾನ್‌ಗಳೆಂಬ ಬಿಡಿ ಬಿಡಿ ಕಣಗಳಾಗಿ. ಅಂಗಳದ ತುಂಬ ಒಂದೇ ಅಳತೆಯ ಲೋಟಗಳನ್ನು ಇಟ್ಟು ಮಳೆಗೆ ಬಿಟ್ಟರೆ, ಜಡಿಮಳೆಯಲ್ಲಿ ಎಲ್ಲ ಲೋಟಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ. ನಾಲ್ಕು ಹನಿ ಉದುರಿ ನಿಂತರೆ ಒಂದರಲ್ಲಿ ಐದು ಹನಿ, ಪಕ್ಕದ್ದರಲ್ಲಿ ಎರಡೇ. ಸೆನ್ಸರ್‌ನ ಪಿಕ್ಸೆಲ್‌ಗಳ ಕಥೆಯೂ ಹೀಗೇ. ಈ ಏರುಪೇರು ಬಿದ್ದ ಫೋಟಾನ್‌ಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ಪಿಕ್ಸೆಲ್ ಒಂದಕ್ಕೆ ಸರಾಸರಿ 10,000 ಫೋಟಾನ್ ಸಿಕ್ಕರೆ ಏರುಪೇರು 100, ಅಂದರೆ ಶೇ. 1. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಬರೀ 100 ಫೋಟಾನ್ ಸಿಕ್ಕರೆ ಏರುಪೇರು 10, ಅಂದರೆ ಶೇ. 10. ಗೋಡೆಯ ನುಣುಪಾದ ಬಣ್ಣ ಕಾಳು ಕಾಳಾಗಿ ಕಾಣಲು ಅಷ್ಟು ಸಾಕು. ಇದಕ್ಕೆ ಶಾಟ್ ನಾಯ್ಸ್ ಎನ್ನುತ್ತಾರೆ. ಎಷ್ಟೇ ಒಳ್ಳೆಯ ಕ್ಯಾಮೆರಾ ಆದರೂ ಇದರಿಂದ ತಪ್ಪಿಸಿಕೊಳ್ಳಲಾಗದು, ಏಕೆಂದರೆ ಇದು ಬೆಳಕಿನದೇ ಗುಣ.

ಇದರ ಮೇಲೆ ಸೆನ್ಸರ್‌ನಿಂದ ಮಾಹಿತಿ ಓದುವ ಎಲೆಕ್ಟ್ರಾನಿಕ್ಸ್ ತನ್ನ ಪಾಲಿನ ಸ್ವಲ್ಪ ಗದ್ದಲ ಸೇರಿಸುತ್ತದೆ. ಅದು ರೀಡ್ ನಾಯ್ಸ್. ಫೋಟೊದ ಕಡುಗಪ್ಪು ಭಾಗಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ.

ಐಎಸ್‌ಒ ಏನು ಮಾಡುತ್ತದೆ ಅಂದರೆ, ಸಿಕ್ಕ ಸಂಕೇತವನ್ನು ಹಿಗ್ಗಿಸಿ ಫೋಟೊವನ್ನು ನೋಡುವಷ್ಟು ಬೆಳ್ಳಗೆ ಮಾಡುತ್ತದೆ. ಅದರ ಜೊತೆಗೆ ಏರುಪೇರೂ ಹಿಗ್ಗುತ್ತದೆ. ನೀವು ಐಎಸ್‌ಒ 1600ರಿಂದ 6400ಕ್ಕೆ ಹೋದಾಗ ನಾಯ್ಸ್ ಹೆಚ್ಚಿದ್ದು ಆ ಅಂಕಿಯಿಂದಲ್ಲ. ಸೆನ್ಸರ್‌ಗೆ ನಾಲ್ಕನೇ ಒಂದರಷ್ಟು ಬೆಳಕು ಬಿಟ್ಟಿದ್ದರಿಂದ. ಅದೇ ಶಟರ್ ಸ್ಪೀಡ್, ಅದೇ ಅಪರ್ಚರ್ ಇಟ್ಟು ಐಎಸ್‌ಒ ಮಾತ್ರ ಏರಿಸಿದರೆ ಸೆನ್ಸರ್‌ಗೆ ಬಿದ್ದ ಬೆಳಕು ಒಂದು ಕಣವೂ ಬದಲಾಗಿರುವುದಿಲ್ಲ.

ಹಾಗಾಗಿ ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ: ಇನ್ನಷ್ಟು ಬೆಳಕು ಒಳಗೆ ಬಿಡಲು ದಾರಿ ಇದೆಯೇ? ಲೆನ್ಸ್ ಇನ್ನೂ ತೆರೆಯಬಹುದೇ, ಶಟರ್ ಸ್ವಲ್ಪ ನಿಧಾನಿಸಬಹುದೇ, ದೀಪವೊಂದನ್ನು ಹಚ್ಚಬಹುದೇ, ಮನುಷ್ಯರನ್ನು ಕಿಟಕಿಯ ಹತ್ತಿರ ಕರೆಯಬಹುದೇ? ಎಲ್ಲಕ್ಕೂ ಇಲ್ಲ ಎಂಬ ಉತ್ತರ ಬಂದರೆ ಐಎಸ್‌ಒ ಎಷ್ಟಕ್ಕೆ ಹೋದರೂ ಹೋಗಲಿ ಬಿಡಿ.

ಹಾಗಾದರೆ ಐಎಸ್‌ಒ 100ರಲ್ಲೇ ಇಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದರಾಯಿತಲ್ಲ?

ಒಳ್ಳೆಯ ಪ್ರಶ್ನೆ. ಕೆಲವು ಸೆನ್ಸರ್‌ಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆದರೆ ಈಗಿನ ಬಹಳಷ್ಟು ಸೆನ್ಸರ್‌ಗಳಿಗೆ ಸಂಕೇತವನ್ನು ಹಿಗ್ಗಿಸುವ ಎರಡು ಹಂತಗಳಿರುತ್ತವೆ (ಗೇನ್). ನಿರ್ದಿಷ್ಟ ಐಎಸ್‌ಒ ತಲುಪಿದಾಗ ಸೆನ್ಸರ್ ಎರಡನೇ ಹಂತಕ್ಕೆ ಹೊರಳುತ್ತದೆ, ರೀಡ್ ನಾಯ್ಸ್ ಒಮ್ಮೆಲೇ ಇಳಿಯುತ್ತದೆ. ಸೋನಿಯ ಎ7 ಮಾರ್ಕ್ 3ರಲ್ಲಿ ಅದು ಐಎಸ್‌ಒ 640. ಅಂಥ ಕ್ಯಾಮೆರಾದಲ್ಲಿ 500ಕ್ಕಿಂತ 640ರ ಕಪ್ಪು ಭಾಗಗಳೇ ಸ್ವಚ್ಛ. ಐಎಸ್‌ಒ 100ರಲ್ಲಿ ತೆಗೆದು ಆರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಎತ್ತಿದರೆ ಈ ಲಾಭ ಕೈತಪ್ಪುತ್ತದೆ, ನೆರಳುಗಳಲ್ಲಿ ಬಣ್ಣ ನೇರಳೆಗೋ ಹಸಿರಿಗೋ ತಿರುಗುವುದೂ ಉಂಟು.

ಆ ಎರಡನೇ ಹಂತ ದಾಟಿದ ಮೇಲೆ ಮಾತು ಬೇರೆ. ಅಲ್ಲಿಂದಾಚೆ ಕ್ಯಾಮೆರಾದಲ್ಲೇ ಏರಿಸಿದರೂ, ರಾ ಫೈಲನ್ನು ಆಮೇಲೆ ಎತ್ತಿದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ವೇದಿಕೆಯ ಕಾರ್ಯಕ್ರಮದಂಥ ಕಡೆ ಪ್ರಖರ ದೀಪಗಳು ಸುಟ್ಟುಹೋಗದಂತೆ ಒಂದು ಸ್ಟಾಪ್ ಕಡಿಮೆ ಐಎಸ್‌ಒದಲ್ಲಿ ತೆಗೆದು ನಂತರ ಎತ್ತುವವರು ಇದನ್ನೇ ಬಳಸಿಕೊಳ್ಳುತ್ತಾರೆ. ಜೆಪೆಗ್ ಮಾತ್ರ ತೆಗೆಯುವವರಿಗೆ ಈ ಉಪಾಯ ಬೇಡ.

ವ್ಯೂಫೈಂಡರ್‌ನಲ್ಲೇ ಕಾಳು ಕಾಳಾಗಿ, ಎಳೆದಾಡುವಂತೆ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?

ಇಲ್ಲ. ಮಿರರ್‌ಲೆಸ್‌ನಲ್ಲಿ ನೀವು ನೋಡುವುದು ಗಾಜಿನ ಮೂಲಕ ಬರುವ ನೇರ ಬೆಳಕಲ್ಲ, ಸೆನ್ಸರ್ ಕಳಿಸುವ ವಿಡಿಯೊ. ಕತ್ತಲಲ್ಲಿ ಅದನ್ನು ಕಾಣಿಸಲು ಕ್ಯಾಮೆರಾ ಜೋರಾಗಿ ಹಿಗ್ಗಿಸುತ್ತದೆ. ತೆಗೆದ ಫೋಟೊ ಅದಕ್ಕಿಂತ ಎಷ್ಟೋ ಸ್ವಚ್ಛವಾಗಿರುತ್ತದೆ.

ಫ್ಲ್ಯಾಶ್ ಹಾಕಿದಾಗ ವ್ಯೂಫೈಂಡರ್ ಪೂರ್ತಿ ಕಪ್ಪಾದರೆ ಎಕ್ಸ್‌ಪೋಷರ್ ಪ್ರಿವ್ಯೂ ಆಫ್ ಮಾಡಿ. ಫ್ಲ್ಯಾಶ್ ಇಲ್ಲದಾಗ ಮತ್ತೆ ಆನ್ ಮಾಡಲು ಮರೆಯಬೇಡಿ.

ಎಕ್ಸ್‌ಪೋಷರ್ ಸರಿಯಾಗಿದೆ ಎಂದು ಸ್ಕ್ರೀನ್ ನೋಡಿ ಹೇಳಬಹುದೇ?

ಕತ್ತಲಲ್ಲಿ ಖಂಡಿತ ನಂಬಬೇಡಿ. ಸುತ್ತ ಕತ್ತಲಿರುವಾಗ ಸಾಧಾರಣ ಫೋಟೊವೂ ಸ್ಕ್ರೀನಿನಲ್ಲಿ ಝಗಮಗಿಸುತ್ತದೆ, ಮರುದಿನ ಹಗಲಲ್ಲಿ ನೋಡಿದರೆ ಮಂಕು. ಸ್ಕ್ರೀನಿನ ಬ್ರೈಟ್‌ನೆಸ್ ಅನ್ನು ಆಟೋದಿಂದ ತೆಗೆದು ಒಂದೇ ಮಟ್ಟದಲ್ಲಿ ಇರಿಸಿ, ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟದ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿ. ಝೀಬ್ರಾ ಸೌಲಭ್ಯವಿದ್ದರೆ ಅದನ್ನು 100ಕ್ಕೆ ಇಡಿ. ಪೂರ್ತಿ ಬಿಳುಚಿದ ಜಾಗಗಳಲ್ಲಿ ಪಟ್ಟೆ ಪಟ್ಟೆ ಓಡಾಡುತ್ತದೆ.

ಮುಖದ ಮೇಲೆ ಪಟ್ಟೆ ಬಾರದಷ್ಟರ ಮಟ್ಟಿಗೆ ಎಷ್ಟು ಬೆಳ್ಳಗೆ ತೆಗೆಯಲು ಸಾಧ್ಯವೋ ಅಷ್ಟು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲಾಗಿಸುವುದು ನಾಯ್ಸ್ ಕಡಿಮೆ ಮಾಡುವ ನಂಬಿಗಸ್ತ ವಿಧಾನ. ಆದರೆ ಈ ಬೆಳಕು ಅಪರ್ಚರ್‌ನಿಂದಲೋ ಶಟರ್‌ನಿಂದಲೋ ಬರಬೇಕು, ಐಎಸ್‌ಒ ಏರಿಸಿ ಹಿಸ್ಟೋಗ್ರಾಮನ್ನು ಬಲಕ್ಕೆ ತಳ್ಳಿದರೆ ಸಿಗುವುದು ಅತ್ಯಲ್ಪ. ಇನ್ನೊಂದು ಮಾತು: ರಾ ತೆಗೆಯುವಾಗಲೂ ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಜೆಪೆಗ್‌ನದ್ದೇ. ಪಿಕ್ಚರ್ ಸ್ಟೈಲ್ ಅನ್ನು ನ್ಯೂಟ್ರಲ್‌ಗೆ ಇಟ್ಟರೆ ಅದು ರಾ ಫೈಲಿನ ಸ್ಥಿತಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಸೆನ್ಸರ್ ದೊಡ್ಡದಾದರೆ ನಿಜಕ್ಕೂ ಎಷ್ಟು ಲಾಭ?

ಫುಲ್ ಫ್ರೇಮ್ 36×24 ಮಿ.ಮೀ., ಎಪಿಎಸ್-ಸಿ ಸುಮಾರು 23.5×15.6, ಮೈಕ್ರೊ ಫೋರ್ ಥರ್ಡ್ಸ್ 17.3×13. ವಿಸ್ತೀರ್ಣ ಲೆಕ್ಕ ಹಾಕಿದರೆ ಫುಲ್ ಫ್ರೇಮ್ ಸೆನ್ಸರ್ ಎಪಿಎಸ್-ಸಿಯ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಮೈಕ್ರೊ ಫೋರ್ ಥರ್ಡ್ಸ್‌ನ ಸುಮಾರು ನಾಲ್ಕು ಪಟ್ಟು. ಅದೇ ಅಪರ್ಚರ್, ಅದೇ ಶಟರ್ ಸ್ಪೀಡ್ ಇಟ್ಟು ಅದೇ ಚೌಕಟ್ಟು ತೆಗೆದರೆ ಫುಲ್ ಫ್ರೇಮ್‌ಗೆ ಎಪಿಎಸ್-ಸಿಯ ಎದುರು ಒಂದು ಸ್ಟಾಪ್‌ಗಿಂತ ತುಸು ಹೆಚ್ಚು, ಮೈಕ್ರೊ ಫೋರ್ ಥರ್ಡ್ಸ್‌ನ ಎದುರು ಹತ್ತಿರಹತ್ತಿರ ಎರಡು ಸ್ಟಾಪ್ ಲಾಭ.

ಹೆಚ್ಚು ಮೆಗಾಪಿಕ್ಸೆಲ್ ಎಂದರೆ ಹೆಚ್ಚು ನಾಯ್ಸ್ ಎಂಬ ಮಾತನ್ನು ಅರ್ಧವಷ್ಟೇ ನಂಬಿ. ಶೇ. 100 ಝೂಮ್ ಮಾಡಿ ನೋಡಿದರೆ ಹಾಗೆ ಕಾಣುತ್ತದೆ. ಎರಡೂ ಫೋಟೊಗಳನ್ನು ಒಂದೇ ಅಳತೆಗೆ ತಂದು ನೋಡಿದರೆ ವ್ಯತ್ಯಾಸ ಬಹುತೇಕ ಮಾಯ.

ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಸಾಕೇ?

ಬೆಳಕಿದ್ದಾಗ ಸಾಕು. ಕತ್ತಲಲ್ಲಿ ಅದೇ ದೊಡ್ಡ ತೊಡಕು. ಝೂಮ್ ಮಾಡಿದ ಕಿಟ್ ಲೆನ್ಸ್ ಎಫ್/5.6ಕ್ಕೆ ಬಂದು ನಿಲ್ಲುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು, ಬೆಳಕು ಹೆಚ್ಚು). ಎಫ್/1.8ರ ಸಾದಾ ಪ್ರೈಮ್ ಲೆನ್ಸ್ (ಝೂಮ್ ಆಗದ ಲೆನ್ಸ್) ಅದರ ಒಂಬತ್ತೂವರೆ ಪಟ್ಟಿಗಿಂತ ಹೆಚ್ಚು ಬೆಳಕು ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಐಎಸ್‌ಒ 12800 ಕೇಳುತ್ತಿದ್ದ ಕೋಣೆ ಈ ಲೆನ್ಸಿನಲ್ಲಿ 1300ರ ಆಸುಪಾಸಿಗೆ ಇಳಿಯುತ್ತದೆ. ಮೇಲೆ ಹೇಳಿದ ಸೆನ್ಸರ್ ಲಾಭದ ಜೊತೆ ಹೋಲಿಸಿ ನೋಡಿ, ಹಣ ಎಲ್ಲಿ ಹಾಕಬೇಕೆಂದು ತಾನಾಗಿ ಗೊತ್ತಾಗುತ್ತದೆ. ಫೋಕಸ್‌ನಲ್ಲಿರುವ ಆಳ ಕಡಿಮೆಯಾಗುತ್ತದೆ ನಿಜ. ಇಬ್ಬರು ಹಿಂದೆ ಮುಂದೆ ನಿಂತಿದ್ದರೆ ಒಬ್ಬರ ಮುಖ ಮಸುಕಾಗಬಹುದು. ಅಂಥ ಹೊತ್ತಲ್ಲಿ ಇಬ್ಬರನ್ನೂ ಒಂದೇ ಸಾಲಿಗೆ ತನ್ನಿ.

ಸೈಲೆಂಟ್ ಶಟರ್‌ನಲ್ಲಿ ತೆಗೆದಾಗ ಫೋಟೊದ ಮೇಲೆ ಅಡ್ಡ ಪಟ್ಟೆಗಳು ಬರುತ್ತಿವೆ.

ಇದು ನಾಯ್ಸ್ ಅಲ್ಲ, ದೀಪಗಳ ಮಿಣುಕು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಎಷ್ಟೋ ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವಾಗ ಒಂದು ಸಾಲು ಬೆಳಕಿನಲ್ಲಿ, ಇನ್ನೊಂದು ಸಾಲು ಮಬ್ಬಿನಲ್ಲಿ ಸಿಕ್ಕಿಬೀಳುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ಸದ್ದು ಮಾಡಲೇಬಾರದು ಅನ್ನುವಂತಿದ್ದರೆ ಶಟರ್ ಸ್ಪೀಡನ್ನು 1/50 ಅಥವಾ 1/100ಕ್ಕೆ ಇಡಿ, 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120. ಕೆಲವು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ರಾ ಫೈಲನ್ನು 14 ಬಿಟ್ ಬದಲು 12 ಬಿಟ್‌ಗೆ ಇಳಿಸುತ್ತವೆ. ಕಡಿಮೆ ಬೆಳಕಿನಲ್ಲಿ ಮೆಕ್ಯಾನಿಕಲ್ ಶಟರ್ ಒಳ್ಳೆಯದು ಎನ್ನಲು ಇದೂ ಒಂದು ಕಾರಣ.

ಮೆನುವಿನಲ್ಲಿರುವ ನಾಯ್ಸ್ ರಿಡಕ್ಷನ್ ಆನ್ ಇರಬೇಕೇ?

ಎರಡು ಬೇರೆ ಬೇರೆ ಆಯ್ಕೆಗಳಿರುತ್ತವೆ, ಹೆಸರು ಹತ್ತಿರವಿರುವುದರಿಂದ ಗೊಂದಲ.

ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಸಾಮಾನ್ಯವಾಗಿ ಜೆಪೆಗ್‌ಗೆ ಮಾತ್ರ ಅನ್ವಯ. ಜೆಪೆಗ್ ಬಳಸುವವರು ಅದನ್ನು ಲೋ ಮಟ್ಟಕ್ಕೆ ಇಡಿ. ತಯಾರಕರು ಇಟ್ಟು ಕಳಿಸುವ ಮಟ್ಟ ನನ್ನ ಕಣ್ಣಿಗೆ ಯಾವಾಗಲೂ ಜಾಸ್ತಿಯೇ: ಕೆನ್ನೆ ಮೇಣ ಹಚ್ಚಿದಂತೆ ಕಾಣುತ್ತದೆ.

ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಬೇರೆಯೇ. 30 ಸೆಕೆಂಡಿನ ಫೋಟೊ ತೆಗೆದ ಮೇಲೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೂ 30 ಸೆಕೆಂಡು ಬರೀ ಕತ್ತಲೆಯ ಫೋಟೊ ತೆಗೆದು, ಅದರಲ್ಲಿ ಕಂಡ ಬಿಸಿ ಪಿಕ್ಸೆಲ್‌ಗಳನ್ನು (ಬೆಳಕಿಲ್ಲದಿದ್ದರೂ ಹೊಳೆಯುವ ಚುಕ್ಕೆಗಳು) ಮೊದಲನೆಯದರಿಂದ ಕಳೆಯುತ್ತದೆ. ಇದು ರಾ ಫೈಲಿಗೂ ಅನ್ವಯ. ಅಷ್ಟು ಹೊತ್ತು ಕ್ಯಾಮೆರಾ ಕೈಗೆ ಸಿಗದು. ಒಂದೆರಡು ಫೋಟೊ ಸಾಕಿದ್ದರೆ ಆನ್ ಇಡಿ, ನಕ್ಷತ್ರಗಳ ಜಾಡನ್ನು ಸತತವಾಗಿ ತೆಗೆಯುವುದಿದ್ದರೆ ಆಫ್. ಇಲ್ಲವಾದರೆ ಗೆರೆ ನಡುನಡುವೆ ತುಂಡಾಗುತ್ತದೆ.

ಇವೆರಡರ ಜೊತೆಗೆ ನೆರಳನ್ನು ತಾನಾಗಿ ಎತ್ತುವ ಸೌಲಭ್ಯಗಳನ್ನೂ ಗಮನಿಸಿ: ನಿಕಾನ್‌ನ ಆ್ಯಕ್ಟಿವ್ ಡಿ-ಲೈಟಿಂಗ್, ಸೋನಿಯ ಡಿಆರ್‌ಒ, ಕ್ಯಾನನ್‌ನ ಆಟೋ ಲೈಟಿಂಗ್ ಆಪ್ಟಿಮೈಸರ್. ಹೈ ಐಎಸ್‌ಒದಲ್ಲಿ ನೆರಳು ಎತ್ತಿದರೆ ನಾಯ್ಸೂ ಏಳುತ್ತದೆ, ಆಫ್ ಮಾಡಿ. ಐಎಸ್‌ಒ ಯಾಕೋ ಕೆಳಗೆ ಇಳಿಯುತ್ತಲೇ ಇಲ್ಲ ಎನ್ನುವವರು ಪ್ರಖರ ಭಾಗಗಳನ್ನು ಉಳಿಸುವ ಡೈನಾಮಿಕ್ ರೇಂಜ್ ಸೆಟ್ಟಿಂಗ್ ಪರೀಕ್ಷಿಸಿ. ಫ್ಯೂಜಿಫಿಲ್ಮ್ ಎಕ್ಸ್-ಟಿ3ರಲ್ಲಿ ಡಿಆರ್200 ಇಟ್ಟರೆ ಐಎಸ್‌ಒ 320ಕ್ಕಿಂತ, ಡಿಆರ್400 ಇಟ್ಟರೆ 640ಕ್ಕಿಂತ ಕೆಳಗೆ ಹೋಗದು. ಕ್ಯಾನನ್‌ನ ಹೈಲೈಟ್ ಟೋನ್ ಪ್ರಯಾರಿಟಿ ಆನ್ ಇದ್ದರೆ ಐಎಸ್‌ಒ 200ರಿಂದಲೇ ಶುರು.

ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಕೆಂಪು ಚುಕ್ಕೆ ಕಾಣುತ್ತದೆ.

ಅದು ಬಿಸಿ ಪಿಕ್ಸೆಲ್. ನಾಯ್ಸ್ ಪ್ರತಿ ಫೋಟೊದಲ್ಲೂ ಜಾಗ ಬದಲಿಸುತ್ತದೆ, ಇದು ಬದಲಿಸುವುದಿಲ್ಲ. ಮೆನುವಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್ ಇದ್ದರೆ ಲೆನ್ಸ್ ಕ್ಯಾಪ್ ಹಾಕಿ ಒಮ್ಮೆ ನಡೆಸಿ.

ಹಳದಿ ಬಲ್ಬಿನ ಬೆಳಕಲ್ಲಿ ನಾಯ್ಸ್ ಇನ್ನೂ ಕೆಟ್ಟದಾಗಿ ಕಾಣುತ್ತದೆ. ನನ್ನ ಭ್ರಮೆಯೇ?

ಭ್ರಮೆಯಲ್ಲ. ಸೆನ್ಸರ್ ಮೇಲಿನ ಬಣ್ಣದ ಫಿಲ್ಟರುಗಳ ಜೋಡಣೆಗೆ ಕೊಡಾಕ್‌ನ ಬ್ರೈಸ್ ಬೇಯರ್ ಹೆಸರಿದೆ, ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಅರ್ಧ ಪಿಕ್ಸೆಲ್‌ಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಹಳದಿ ಬಲ್ಬಿನಲ್ಲಿ ನೀಲಿ ಬೆಳಕು ಬಹಳ ಕಡಿಮೆ. ಬಿಳಿ ಬಟ್ಟೆಯನ್ನು ಬೆಳ್ಳಗೆ ಕಾಣಿಸಲು ವೈಟ್ ಬ್ಯಾಲೆನ್ಸ್ ಆ ಬಡಪಾಯಿ ನೀಲಿಯನ್ನು ಜೋರಾಗಿ ಹಿಗ್ಗಿಸುತ್ತದೆ. ಕಪ್ಪು ಕೂದಲನ್ನು ದೊಡ್ಡದು ಮಾಡಿ ನೋಡಿದರೆ ನೀಲಿ, ನೇರಳೆ ಮಚ್ಚೆಗಳು ಕಾಣುವುದು ಇದರಿಂದ. ಪೂರ್ತಿ ಬಿಳಿ ಮಾಡಲು ಹೋಗದೆ ಸ್ವಲ್ಪ ಹಳದಿಯನ್ನು ಹಾಗೇ ಉಳಿಸಿಕೊಳ್ಳಿ. ನಾಯ್ಸೂ ಕಡಿಮೆ, ಆ ಹೊತ್ತಿನ ಬೆಳಕೂ ಉಳಿಯುತ್ತದೆ.

ಕತ್ತಲಲ್ಲಿ ಫೋಕಸ್ ಹುಡುಕಾಡುತ್ತದೆ.

ಮುಖದ ಮಧ್ಯಕ್ಕಲ್ಲ, ಬೆಳಕು ನೆರಳು ಸೇರುವ ಅಂಚಿಗೆ ಫೋಕಸ್ ಬಿಂದು ತನ್ನಿ: ಕನ್ನಡಕದ ಚೌಕಟ್ಟು, ಅಂಗಿಯ ಕಾಲರ್. ಎಫ್/1.8 ಲೆನ್ಸ್ ಇಲ್ಲೂ ನೆರವಾಗುತ್ತದೆ. ಲೆನ್ಸನ್ನು ಎಫ್/8ಕ್ಕೆ ಮುಚ್ಚಿದ್ದರೆ ಕೆಲವು ಕ್ಯಾಮೆರಾಗಳು ಅಷ್ಟೇ ಬೆಳಕಿನಲ್ಲಿ ಫೋಕಸ್ ಹುಡುಕುತ್ತವೆ.

ಮೆನುವಿನಲ್ಲಿ ಐಎಸ್‌ಒ 102400, 204800 ಎಂದೆಲ್ಲ ಇದೆಯಲ್ಲ?

ಎಕ್ಸ್‌ಟೆಂಡೆಡ್ ಎಂದು ಗುರುತು ಹಾಕಿದ ಮೇಲಿನ ಅಂಕಿಗಳು ಬರೀ ಗುಣಾಕಾರ. ರಾ ತೆಗೆಯುವವರಿಗೆ ಅದರಿಂದ ಏನೂ ಸಿಗದು. ಕೆಳಗಿನ 50 ಕೂಡ ಹಾಗೇ, ಪ್ರಖರ ಭಾಗಗಳಲ್ಲಿ ಒಂದು ಸ್ಟಾಪ್ ಕಳೆದುಕೊಳ್ಳುತ್ತೀರಿ.

ಕಂಪ್ಯೂಟರಿನಲ್ಲಿ ನಾಯ್ಸ್ ತೆಗೆಯುವ ಸರಿಯಾದ ಕ್ರಮ ಯಾವುದು?

ಎಐ ಡಿನಾಯ್ಸ್ ಇದ್ದರೆ ಅದನ್ನು ಮೊಟ್ಟಮೊದಲು, ರಾ ಫೈಲಿನ ಮೇಲೆಯೇ ಓಡಿಸಿ. ಡಿಎಕ್ಸ್‌ಒ ತನ್ನ ಡೀಪ್‌ಪ್ರೈಮ್ ಅನ್ನು 2020ರಲ್ಲಿ ತಂದಿತು, ಅಡೋಬ್ ಲೈಟ್‌ರೂಮ್‌ಗೆ ಡಿನಾಯ್ಸ್ 2023ರ ಏಪ್ರಿಲ್‌ನಲ್ಲಿ ಬಂತು. ಐಎಸ್‌ಒ 6400ರ ಫೋಟೊವನ್ನು ಇವು ಸ್ವಚ್ಛ ಮಾಡುವ ರೀತಿ ನಿಜಕ್ಕೂ ಅಚ್ಚರಿ. ಆದರೆ ಪ್ರಮಾಣವನ್ನು ಪೂರ್ತಿ ಏರಿಸಬೇಡಿ. 40ರಿಂದ 50ರಲ್ಲಿ ಇಟ್ಟು, ಹುಬ್ಬಿನ ಕೂದಲನ್ನು ಶೇ. 100ರಲ್ಲಿ ನೋಡಿ. ಬಿಡಿ ಬಿಡಿ ಎಳೆಗಳು ಕಾಣಬೇಕು. ಎಳೆಗಳೆಲ್ಲ ಸೇರಿ ಬ್ರಷ್‌ನಲ್ಲಿ ಬಳಿದ ಗೆರೆಯಂತೆ ಆಗಿದ್ದರೆ ಇಳಿಸಿ. ಹಿನ್ನೆಲೆಯ ಫಲಕದಲ್ಲಿ ಅಕ್ಷರಗಳಿದ್ದರೆ ಅವನ್ನೂ ಪರೀಕ್ಷಿಸಿ, ಎಐ ಅಲ್ಲಿ ಇಲ್ಲದ ಆಕಾರ ಸೃಷ್ಟಿಸುವುದುಂಟು.

ದುಡ್ಡು ಕೊಡದೆ ಸಿಗುವ ಡಾರ್ಕ್‌ಟೇಬಲ್, ರಾಥೆರಪಿ ಕೂಡ ಚೆನ್ನಾಗಿ ಕೆಲಸ ಮಾಡುತ್ತವೆ. ಇವುಗಳಲ್ಲಿ ನಾಯ್ಸ್ ಎರಡು ಬಗೆಯಾಗಿ ಕಾಣಿಸುತ್ತದೆ. ಬಣ್ಣದ ಮಚ್ಚೆಗಳಾಗಿ ಬರುವ ಕ್ರೋಮಾ ನಾಯ್ಸ್ ಅನ್ನು ಧೈರ್ಯವಾಗಿ ತೆಗೆಯಿರಿ. ಬರೀ ಬೆಳಕಿನ ಏರುಪೇರಾದ ಲ್ಯುಮಿನನ್ಸ್ ನಾಯ್ಸ್ ಅನ್ನು ಮಾತ್ರ ಕೈಬಿಗಿ ಹಿಡಿದು ತೆಗೆಯಿರಿ, ಅದರಲ್ಲೇ ವಿವರಗಳೂ ಅಡಗಿರುತ್ತವೆ. ಸ್ವಲ್ಪ ಕಾಳು ಉಳಿದರೆ ಉಳಿಯಲಿ. ಶಾರ್ಪನಿಂಗ್ ಕೊನೆಗೆ, ಮಾಸ್ಕ್ ಹಾಕಿ ಅಂಚುಗಳಿಗೆ ಮಾತ್ರ. ಖಾಲಿ ಗೋಡೆಗೆ ಶಾರ್ಪನಿಂಗ್ ಹಾಕಿದರೆ ತೆಗೆದ ನಾಯ್ಸ್ ಮತ್ತೆ ಎದ್ದು ಬರುತ್ತದೆ.

ಕಪ್ಪು ಭಾಗದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ ಅದನ್ನು ಎತ್ತಲೇಬೇಡಿ. ರಾತ್ರಿಯ ಫೋಟೊ ರಾತ್ರಿಯಂತೆಯೇ ಕಾಣಲಿ.

ಟ್ರೈಪಾಡ್ ಇಲ್ಲ, ದೃಶ್ಯ ಅಲುಗಾಡುತ್ತಿಲ್ಲ. ಬೇರೆ ದಾರಿ ಇದೆಯೇ?

ಇದೆ. ಒಂದೇ ಚೌಕಟ್ಟಿನ ಹಲವು ಫೋಟೊಗಳನ್ನು ಸತತವಾಗಿ ತೆಗೆದು, ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯಿರಿ. ಏರುಪೇರು ಪ್ರತಿ ಫೋಟೊದಲ್ಲೂ ಬೇರೆಯಾದ್ದರಿಂದ ಸರಾಸರಿಯಲ್ಲಿ ಕರಗುತ್ತದೆ. 4 ಫೋಟೊ ಸೇರಿಸಿದರೆ ನಾಯ್ಸ್ ಅರ್ಧ, 16 ಸೇರಿಸಿದರೆ ಕಾಲು ಭಾಗ. ಮೊಬೈಲ್ ಫೋನಿನ ನೈಟ್ ಮೋಡ್ ಹಿಂದಿರುವುದೂ ಇದೇ ತತ್ವ.

ವಿಡಿಯೊದಲ್ಲಿ ಏನು ಬದಲಾಗುತ್ತದೆ?

ಚಲನೆ ಸಹಜವಾಗಿ ಕಾಣಬೇಕಾದರೆ ಶಟರ್ ಸ್ಪೀಡ್ ಫ್ರೇಮ್ ಸಂಖ್ಯೆಯ ದುಪ್ಪಟ್ಟಿರಬೇಕು, ಹಾಗಾಗಿ ಅದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿರುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಆದರೆ 1/50. ಹಾಗಾಗಿ ಅಪರ್ಚರ್ ಮತ್ತು ದೀಪ ಎರಡೇ ದಾರಿ. ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ದಾಖಲಿಸುವ ಲಾಗ್ ಪ್ರೊಫೈಲ್‌ನಲ್ಲಿ ತೆಗೆಯುವವರು ಕ್ಯಾಮೆರಾದ ಬೇಸ್ ಐಎಸ್‌ಒ (ಸೆನ್ಸರ್‌ನ ಮೂಲ ಹಂತ) ತಿಳಿದುಕೊಳ್ಳಿ. ಸೋನಿ ಎಫ್‌ಎಕ್ಸ್3ರಲ್ಲಿ ಎಸ್-ಲಾಗ್3ಗೆ ಅದು 800 ಮತ್ತು 12800. ತೀರಾ ಕಡಿಮೆ ಬೆಳಕಿದ್ದರೆ 6400ಕ್ಕಿಂತ ನೇರವಾಗಿ 12800ಕ್ಕೆ ಹೋಗುವುದೇ ಮೇಲು.

ಇಷ್ಟೆಲ್ಲ ಸೆಟ್ಟಿಂಗನ್ನು ಪ್ರತಿ ಸಲ ಬದಲಿಸುತ್ತಾ ಕೂರಬೇಕೇ?

ಬೇಡ. ಡಯಲ್ ಮೇಲಿನ ಸಿ1, ಸಿ2 (ನಿಮ್ಮ ಸೆಟ್ಟಿಂಗ್ ಉಳಿಸಿಡುವ ಜಾಗಗಳು) ಇರುವುದೇ ಇದಕ್ಕೆ. ಸಿ1ರಲ್ಲಿ ಒಳಾಂಗಣದ ಜನರಿಗೆ: ಮ್ಯಾನ್ಯುಯಲ್, ಎಫ್/2, 1/160, ಆಟೋ ಐಎಸ್‌ಒ 12800ರವರೆಗೆ, ಕಣ್ಣಿನ ಫೋಕಸ್, ಮೆಕ್ಯಾನಿಕಲ್ ಶಟರ್. ಸಿ2ರಲ್ಲಿ ಟ್ರೈಪಾಡ್ ಕೆಲಸಕ್ಕೆ: ಐಎಸ್‌ಒ 100, ಸ್ಟೆಬಿಲೈಸೇಷನ್ ಆಫ್, 2 ಸೆಕೆಂಡ್ ಟೈಮರ್.

ಕ್ಯಾಮೆರಾ ಬದಲಿಸಿದರೆ ನಾಯ್ಸ್ ಹೋಗುತ್ತದೆಯೇ?

ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ನಿಮಗೆ ಬೇಸರ ತಂದ ಕಾಳು ಕಾಳು ಫೋಟೊಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಪ್ರತಿಯೊಂದರ ಶಟರ್ ಸ್ಪೀಡ್, ಅಪರ್ಚರ್, ಐಎಸ್‌ಒ ನೋಡುತ್ತಾ ಹೋಗಿ. ಕೂತವರ ಫೋಟೊಗೆ 1/1000 ಇತ್ತೇ? ಎಫ್/1.8 ಲೆನ್ಸ್ ಎಫ್/5.6ರಲ್ಲಿತ್ತೇ? ಎರಡು ಸ್ಟಾಪ್ ಕಪ್ಪಾಗಿ ತೆಗೆದು ಆಮೇಲೆ ಎತ್ತಿದ್ದೇ? ಇವುಗಳಲ್ಲಿ ಯಾವುದಾದರೂ ಕಂಡರೆ ಹೊಸ ಕ್ಯಾಮೆರಾದಲ್ಲೂ ಅದೇ ಫೋಟೊ ಬರುತ್ತದೆ. ಅಪರ್ಚರ್ ಪೂರ್ತಿ ತೆರೆದಿದ್ದು, ಶಟರ್ ಇನ್ನು ನಿಧಾನಿಸಲಾಗದಷ್ಟಕ್ಕೆ ಬಂದಿದ್ದು, ಎಫ್/1.8 ಲೆನ್ಸಿನಲ್ಲೂ ಐಎಸ್‌ಒ 12800 ತೋರಿಸುತ್ತಿದ್ದರೆ ಮಾತ್ರ ದೊಡ್ಡ ಸೆನ್ಸರ್ ಅಥವಾ ಒಂದು ಫ್ಲ್ಯಾಶ್ ನೋಡಿ. ನನ್ನನ್ನು ಕೇಳಿದರೆ ಮೊದಲು ಫ್ಲ್ಯಾಶ್, ಬಿಳಿ ಚಾವಣಿಗೆ ತಿರುಗಿಸಿ ಹಾರಿಸಲು ಬರುವಂಥದ್ದು.